ಗೇಟಿನ ಬಳಿ ಕಾಣೆಯಾದ ಮಣ್ಣಿನ ರಾಶಿ

ಹೆಸರು ಮೊದಲ ದೂರಿನಲ್ಲಿ ಬರೆಸಿದ್ದೇ; ಗ್ಯಾರೇಜಿನವರು ಕರೆಯುವುದು ‘ಅಣಬೆ’ ಎಂದು. ವಯಸ್ಸು 23. ಐದನೇ ತರಗತಿಯವರೆಗೆ ಓದಿದ್ದೇನೆ. ಕೆಲಸ ಅಣಬೆ ಬೆಳೆಯುವುದು. ವಾಸ ನಮ್ಮಣ್ಣನ ಲಾರಿ ಗ್ಯಾರೇಜಿನ ಹಿಂದಿನ ಎರಡು ಕೋಣೆಯ ಮನೆ. ನಾಲ್ಕನೇ ತಾರೀಖು ಕೊಟ್ಟ ದೂರಿನ ವಿಷಯವಾಗಿ ಇಂದು ನಾನಾಗಿಯೇ ಠಾಣೆಗೆ ಬಂದು ತಿಳಿಸುವುದು ಹೀಗಿದೆ.

ಗ್ಯಾರೇಜಿನ ಹಿತ್ತಲಲ್ಲಿ ಹನ್ನೆರಡು ವರ್ಷ ಡೀಸೆಲ್, ಎಂಜಿನ್ ಆಯಿಲ್ ಬಿದ್ದು ಮಣ್ಣು ಕಪ್ಪಾಗಿದೆ. ಅದನ್ನು ಶುದ್ಧ ಮಾಡದಿದ್ದರೆ ಜಾಗ ಬಿಡಬೇಕೆಂದು ಜಾಗದ ಮಾಲೀಕರು ಅಣ್ಣನಿಗೆ ಪತ್ರ ಕೊಟ್ಟಿದ್ದರು. ಮರವನ್ನು ಕೊಳೆಸುವ ಅಣಬೆಯ ಬಿಳಿ ಎಳೆಗಳು ಎಣ್ಣೆಯನ್ನೂ ಒಡೆಯುತ್ತವೆ ಎಂದು ಮಣ್ಣು ಪರೀಕ್ಷಾ ಕೇಂದ್ರದ ಮೇಡಂ ನನಗೆ ಹೇಳಿಕೊಟ್ಟರು. ಒಂದು ರಾಶಿ ಮಾಡಿ ತೋರಿಸಿದರೆ, ಅದು ಪರೀಕ್ಷೆಯಲ್ಲಿ ಪಾಸಾದರೆ, ಉಳಿದ ಮಣ್ಣಿಗೆ ಒಂದು ವರ್ಷ ಸಮಯ ಕೊಡುವುದಾಗಿ ಮಾಲೀಕರು ಒಪ್ಪಿದರು.

ಆರು ಅಡಿ ಉದ್ದ, ಮೂರು ಅಡಿ ಅಗಲದ ರಾಶಿ ಮಾಡಿ, ಮರದ ಹೊಟ್ಟು ಮತ್ತು ಅಣಬೆ ಬೀಜ ಬೆರೆಸಿ ನಾಲ್ಕು ತಿಂಗಳು ನೀರು ಚಿಮುಕಿಸಿದ್ದೇನೆ. ಮೇಡಂ ಐದನೇ ತಾರೀಖು ಮಧ್ಯಾಹ್ನ 3 ಗಂಟೆಗೆ ಮಾದರಿ ತೆಗೆಯಲು ಬರುವವರಿದ್ದರು. ಅವರಿಗೆ ಅನುಕೂಲವಾಗಲೆಂದು ಮೂರನೇ ತಾರೀಖು ರಾಶಿಯನ್ನು ಗೇಟಿನ ಪಕ್ಕಕ್ಕೆ ಸಾಗಿಸಿದೆ. ಮಾರನೇ ದಿನ ಬೆಳಿಗ್ಗೆ 9.20ಕ್ಕೆ ನೋಡಿದಾಗ ರಾಶಿ ಇರಲಿಲ್ಲ. ನೆಲ ಗುಡಿಸಿದ ಹಾಗಿತ್ತು. ಪರೀಕ್ಷೆ ತಪ್ಪಿಸಿ ಜಾಗ ಬಿಡಿಸಲು ಮಾಲೀಕರೇ ಎತ್ತಿಸಿರಬೇಕೆಂದು ಯೋಚಿಸಿ 10 ಗಂಟೆಗೆ ಇಲ್ಲಿ ಅವರ ಮೇಲೆ ದೂರು ಕೊಟ್ಟೆ. ಅಣ್ಣ ಎರಡು ದಿನ ತಡೆದು ನೋಡು ಎಂದಿದ್ದ. ಕೇಳಲಿಲ್ಲ.

ಅದೇ ದಿನ ಸಂಜೆ 4.30ಕ್ಕೆ, ಗ್ಯಾರೇಜಿನಿಂದ ನೂರೈವತ್ತು ಹೆಜ್ಜೆ ದೂರದ ಗಿಡದಂಗಡಿಯ ಅಕ್ಕ ಖಾಲಿ ಚೀಲ ವಾಪಸ್ಸು ಕೊಡಲು ಬಂದರು. ಅಣಬೆ ಕೊಯ್ದ ಮೇಲೆ ಉಳಿಯುವ ಗೊಬ್ಬರವನ್ನು ನಾನು ವಾರವಾರವೂ ಗೇಟಿನ ಪಕ್ಕ ಸುರಿಯುತ್ತೇನೆ. ನನಗೆ ಮಾತು ಕಡಿಮೆ. ಅಲ್ಲಿರುವುದೆಲ್ಲ ನಿಮ್ಮದೇ, ನನ್ನನ್ನು ಕೇಳದೆ ಒಯ್ಯಿರಿ ಎಂದು ಅವರಿಗೆ ಎರಡು ವರ್ಷದ ಹಿಂದೆಯೇ ಹೇಳಿದ್ದೆ. ಅದು ನನಗೆ ಮರೆತುಹೋಗಿತ್ತು. ಅವರು ಬೆಳಿಗ್ಗೆ 7 ಗಂಟೆಗೆ ತಳ್ಳುಗಾಡಿಯಲ್ಲಿ ಐದು ಸಲ ತುಂಬಿ ಒಯ್ದು, ನೆಲ ಗುಡಿಸಿ ಹೋಗಿದ್ದರು.

ಅದು ಎಣ್ಣೆ ಮಣ್ಣು ಎಂದೆ. ಅವರು ನಕ್ಕರು.

“ಮೂವತ್ತು ವರ್ಷದಿಂದ ಮಣ್ಣು ಮೂಸಿ ನೋಡ್ತಿದೀನಿ ಕಣೆ. ಹೋದ ವರ್ಷ ಒಂದು ಚೀಲದಲ್ಲಿ ಡೀಸೆಲ್ ನಾತ ಬಂತು ಅಂತ ವಾಪಸ್ ತಂದು ಸುರಿದಿರಲಿಲ್ವಾ? ಇದರಲ್ಲಿ ಎಲ್ಲಿದೆ ತೋರಿಸು ಎಣ್ಣೆ?”

ನಾನು ಅವರೊಡನೆ ಗಿಡದಂಗಡಿಗೆ ಹೋಗಿ ನೋಡಿದೆ.

ಅವರು ಹದಿನಾಲ್ಕು ಕುಂಡಕ್ಕೆ ಮಣ್ಣು ಹಾಕಿದ್ದರು. ಉಳಿದದ್ದು ಒಂಬತ್ತು ಚೀಲದಲ್ಲಿ ಹಾಗೇ ಇತ್ತು. ಮೂಗು ನಂಬಿ ಪಾಸು ಮಾಡಲಾಗದು ಎಂದು ಹೇಳಿ ಮೇಡಂ ಐದನೇ ತಾರೀಖು ಎಲ್ಲ ಚೀಲಗಳಿಂದಲೂ ಮಾದರಿ ತೆಗೆದರು. ಇಂದು ಬೆಳಿಗ್ಗೆ 11.15ಕ್ಕೆ ಫಲಿತಾಂಶ ಬಂತು. ಪಾಸಾಗಿದೆ. ಅಣ್ಣ ಕಾಗದವನ್ನು ಎರಡು ಸಲ ಓದಿ, ಕೈ ಒರೆಸಿಕೊಂಡು ಮತ್ತೊಮ್ಮೆ ಓದಿದ.

ಫಲಿತಾಂಶ ಬರುವವರೆಗೆ ಮಾಲೀಕರಿಗೆ ಮುಖ ತೋರಿಸಲು ಧೈರ್ಯವಾಗಿರಲಿಲ್ಲ. 12 ಗಂಟೆಗೆ ಅವರ ಮನೆಗೆ ನಾನೊಬ್ಬಳೇ ಹೋಗಿ, ತಪ್ಪು ನನ್ನದು ಎಂದು ಹೇಳಿದೆ. ದಾರಿಯುದ್ದಕ್ಕೂ ಹೇಳಿಕೊಂಡು ಹೋಗಿದ್ದರಲ್ಲಿ ಅರ್ಧ ಮರೆತೆ. ಅವರು ಕನ್ನಡಕ ತೆಗೆದಿಟ್ಟರು.

“ಮಣ್ಣು ಕದಿಯೋಕೆ ನನಗೇನಮ್ಮ ಹುಚ್ಚಾ? ಹೋಗು, ಎರಡನೇ ರಾಶಿ ಶುರು ಮಾಡು. ಈ ಸಲ ಒಂದು ಬೋರ್ಡು ಹಾಕು.”

ಆದ್ದರಿಂದ ಮಾಲೀಕರ ಮೇಲಾಗಲಿ, ಅಕ್ಕನ ಮೇಲಾಗಲಿ ಯಾವ ಕ್ರಮವೂ ಬೇಡ. ಇದನ್ನು ಮುಖ್ಯ ಪೇದೆಯವರು ನಾನು ಹೇಳಿದ ಹಾಗೆ ಬರೆದುಕೊಂಡು ಓದಿ ಹೇಳಿದ್ದಾರೆ, ಎಲ್ಲವೂ ನಿಜ. ಒಂದು ಕಡೆ ‘ಕಳುವಾದ ಕೊಳಕು ಮಣ್ಣು’ ಎಂದಿತ್ತು. ‘ಕಳುವಾದ’ ಎಂಬುದನ್ನು ಅವರೇ ಹೊಡೆದು ಹಾಕಿದರು. ‘ಕೊಳಕು’ ಎಂಬುದನ್ನು ನಾನು ಕೇಳಿ ಹೊಡೆಸಿ, ಪಕ್ಕದಲ್ಲಿ ಸಹಿ ಹಾಕಿದ್ದೇನೆ.

ಸ್ಥಳ: ಠಾಣೆ
ದಿನಾಂಕ: ಹನ್ನೆರಡು, ಮಧ್ಯಾಹ್ನ 2.40
(ಸಹಿ)