ಹೊಲವಿಲ್ಲದ ಮಾಸ್ತರ

ಅಕ್ಕಲಕೋಟದ ಸ್ಟ್ಯಾಂಡಿನಲ್ಲಿ ಸೋಲಾಪುರದ ಬಸ್ಸಿಗೆ ಸರದಿಯಲ್ಲಿ ನಿಂತಿದ್ದ ನಾಮದೇವ, ಪರರ ಮಾತು ಕೇಳಬಾರದೆಂದು ಮುಖ ತಿರುಗಿಸಿದ. ಆದರೆ ಕಿವಿ ಮಾತ್ರ ಮುಂದೆ ನಿಂತಿದ್ದ ಕುರಿಗಾರ ಗಂಡಹೆಂಡಿರ ಕಡೆಗೇ ಇತ್ತು.

“ಮಗಗ ಒಕ್ಕಲುತನ ಕಲಿಸೋ ಪುಣೆದ ಶೇತ್ಕಿ ಕಾಲೇಜಿನ್ಯಾಗ ಜಾಗಾ ಕೊಡಿಸ್ಯಾರ ಮಾಸ್ತರ್ರು. ಸೋಲಾಪುರಕ್ಕ ಅವರ ಮನಿಗೆ ಬರಿಗೈಲೆ ಹ್ಯಾಂಗ ಹೋಗೂದು, ಗುರುಬಾಯಿ?”

“ತುಪ್ಪ ಬ್ಯಾಡ ಅಂದ್ರು. ಕಂಬಳಿನೂ ಬ್ಯಾಡ ಅಂದ್ರು.”

“ಹಂಗಾರ ಅವರ ಹೊಲದಾಗ ನಾಕು ರಾತ್ರಿ ಕುರಿ ತರಬೂಣು, ಅಲ್ಲೇ ಮಲಗಿಸೂಣು. ಹಿಕ್ಕಿ ಬಿದ್ದ ಹೊಲದಾಗ ಜ್ವಾಳ ಆಳೆತ್ತರ ಬರತಾವ.”

“ಹೊಲ ಎಲ್ಲದರಿ ಅವರಿಗೆ? ಬಾಡಿಗಿ ಮನ್ಯಾಗ ಒಂದು ತುಳಸಿ ಗಿಡ ಅದ. ಅದಕ್ಕ ನೂರು ಕುರಿ ತರಬ್ತೀರೇನು?”

“ಹೊಲ ಇಲ್ದಾಂವ ನಮ್ಮ ಹುಡುಗಗ ಶೇತ್ಕಿ ಕಲೀ ಅಂದಾನ?”

ನಾಮದೇವನಿಗೆ ನಗು ಬಂತು; ನಕ್ಕಿದ್ದು ತಪ್ಪಾಯಿತೇನೋ ಎಂದು ಕೆಮ್ಮಿದ.

“ನಾಗಣಸೂರಾಗ ಮಲಕಮ್ಮ ಅದಾಳ. ಗಂಡ ಇಲ್ಲ, ದನಾ ಇಲ್ಲ, ಹೊಲಕ್ಕ ಗೊಬ್ಬರಿಲ್ಲ. ಮಾಸ್ತರ್ರ ಹೆಸರಿಲೆ ಆಕಿ ಹೊಲದಾಗ ತರಬೂಣು,” ಎಂದಳು ಗುರುಬಾಯಿ.

“ಕುರಿ ತರಬಿದ್ದಕ್ಕ ಆಕಿ ಕಾಳು ಕೊಡಾಕ ಬಂದ್ರ?”

“ಮಾಸ್ತರ್ರಂಗ ನೀವೂ ಬ್ಯಾಡ ಅನ್ರಿ.”

ಇಬ್ಬರೂ ಸರದಿ ಬಿಟ್ಟು ನಾಗಣಸೂರಿನ ಹಾದಿ ಹಿಡಿದರು. ಅವರು ತೆರವು ಮಾಡಿದ ಜಾಗಕ್ಕೆ ಸರಿಯಬಹುದೋ ಇಲ್ಲವೋ ತಿಳಿಯದೆ ನಾಮದೇವ ಸ್ವಲ್ಪ ಹೊತ್ತು ಹಾಗೆಯೇ ನಿಂತ.