ಅಮ್ಮನ ಟ್ಯಾಕ್ಸಿಗೆ ಹೆಡ್ಡು

ಬಿಡಿಭಾಗಗಳ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಯಾರೋ ಅಣ್ಣ, ತಂಗಿ. ಅವರೆದುರಿನ ಕಟ್ಟೆಯ ಮೇಲೆ ಇಂಜಿನ್ನಿಗೆ ಮುಚ್ಚಳದಂತೆ ಕೂರುವ ಎರಡು ಅಲ್ಯೂಮಿನಿಯಂ ಸಿಲಿಂಡರ್ ಹೆಡ್ಡುಗಳಿದ್ದವು, ಒಂದು ಅಗ್ಗದ್ದು, ಒಂದು ದುಬಾರಿಯದು.

"ಅಗ್ಗದ್ದು ಬೇಡ ಕಣೇ, ಬೇಗ ಬಿರುಕು ಬಿಡುತ್ತೆ."

"ಹಳೇದು ಚೆನ್ನಾಗೇ ಇತ್ತಲ್ಲಣ್ಣ. ಇಂಜಿನ್ ಬಿಸಿ ಆರೋಕೆ ಮುಂಚೆ ಬಿಚ್ಚಿ ಸೊಟ್ಟ ಮಾಡಿದ್ದು ನೀನು."

"ಅವಸರ ಇತ್ತು. ಅಮ್ಮ ಇರೋವಾಗ್ಲೇ ಅವಳು ಓಡಿಸ್ತಿದ್ದ ಟ್ಯಾಕ್ಸಿ ಸರಿಹೋಗ್ಬೇಕಿತ್ತು."

"ಅಮ್ಮ ಈಗ ನನ್ನೇ 'ಯಾರಮ್ಮ ನೀನು' ಅಂತಾಳೆ."

"ಅದಕ್ಕೇ. ನಮ್ಮ ಗುರುತು ಹೋದ್ರೂ ಆ ಇಂಜಿನ್ ಸದ್ದಿನ ಗುರುತು ಇರಬಹುದು."

"ಅದೂ ಇಲ್ದಿದ್ರೆ?"

ಅಣ್ಣ ದುಬಾರಿಯದನ್ನು ಮೆಲ್ಲಗೆ ಅಂಗಡಿಯವನತ್ತ ವಾಪಸ್ ತಳ್ಳಿದ.

"ಅಗ್ಗದ್ದೇ ಕೊಡಿ. ಒಂದು ಸಲ ಸ್ಟಾರ್ಟ್ ಆದ್ರೆ ಸಾಕು."

ಹೆಡ್ಡಿನ ಒಂದು ತುದಿಯನ್ನು ಅವನು, ಇನ್ನೊಂದನ್ನು ಅವಳು ಹಿಡಿದು ಹೊರಟರು.