ಮರದ ಕೋಲು ಮುಟ್ಟಿದ ಹುಡುಗಿ

ಮೂಲನಿವಾಸಿಗಳಾದ ನಮ್ಮ ಊರು ಅಕ್ವೆಸಾಸ್ನೆಯ ಲಾಂಡ್ರಿಯಲ್ಲಿ ನಾನು, ಬಲೆ ಕಟ್ಟಿದ ಕೋಲಿನಿಂದ ಚೆಂಡಾಡುವ ಲಕ್ರೋಸ್ ಕ್ಲಬ್ಬಿನ ಹುಡುಗಿಯರ ಅಂಗಿಗಳನ್ನು ಮಡಿಸುತ್ತಿದ್ದೆ. ಅವನ್ನು ಒಯ್ಯಲು ಕ್ಲಬ್ ನಡೆಸುವ ಡೆಲ್ಬರ್ಟ್ ಬಂದ. ಹಿಂದೆಯೇ ಅವನ ದೊಡ್ಡಮ್ಮ ವರ್ನಾ ಬಂದರು. ನಮ್ಮ ಕುಲದ ಹಿರಿಯಮ್ಮ ಅವರು.

"ಕಾಯಿಲೆಯವರು ವಾಸಿಯಾಗ್ಲಿ ಅಂತ ನಾಳೆ ಆಡಬೇಕಿದ್ದ ಆಟ ನಿಂತ್ಹೋಯ್ತು ಕಣೋ," ಎಂದರು. "ಅದಕ್ಕಿಟ್ಟಿದ್ದ ಮರದ ಕೋಲನ್ನ ನಮ್ಮ ಕಹೆಂತೆ ಮುಟ್ಟಿದಾಳೆ."

"ಮಳೇಲಿ ನೆನೀತಿತ್ತು ದೊಡ್ಡಮ್ಮ. ಪಾಪ, ಒಳಗೆ ತಂದಿಟ್ಟಳು."

"ಹೆಣ್ಮಕ್ಕಳು ಅದನ್ನ ಮುಟ್ಟಬಾರದು ಅಂತ ನಿನ್ನ ಕ್ಲಬ್ಬಲ್ಲಿ ಹೇಳ್ಕೊಡಲ್ವಾ? ಬರೀ ಸೀಟಿ ಊದೋದೊಂದೇನಾ?"

"ಇವರು ಆಡೋದು ಪ್ಲಾಸ್ಟಿಕ್ ಕೋಲಲ್ಲಿ. ಮರದ್ದು ಹೇಳೋಕೆ ಮರೆತೆ. ತಪ್ಪು ನಂದು."

"ನಿಂದೇ. ಆದ್ರೆ ಊರವರು ಹುಡುಗೀರ ತಂಡಾನೇ ಮುಚ್ಚು ಅಂತಿದಾರೆ. ಇಲ್ದಿದ್ರೆ ಗಂಡುಮಕ್ಕಳನ್ನೂ ಕ್ಲಬ್ಬಿಗೆ ಕಳಿಸಲ್ವಂತೆ."

"ನೀವೇನಂದ್ರಿ?"

"ಮುಚ್ಚಿಸ್ತೀನಿ ಅಂದೆ."

"ಕಹೆಂತೆ ಚಳಿಗಾಲವೆಲ್ಲ ಗೋಡೆಗೆ ಚೆಂಡು ಹೊಡ್ದು ಕಲ್ತವಳು. ನಿಮ್ಮ ಮೊಮ್ಮಗಳೇ ಅಲ್ವಾ?"

"ಬೇರೆಯವರ ಮೊಮ್ಮಗಳಾಗಿದ್ರೆ ಜಗಳ ಆಡ್ತಿದ್ದೆ. ನನ್ನವಳಲ್ವಾ, ಪಕ್ಷಪಾತ ಅಂತಾರೆ ಅಂತ ಒಪ್ಕೊಂಡೆ."

ಡೆಲ್ಬರ್ಟ್ ಅಂಗಿಗಳ ಚೀಲ ಎತ್ತಿಕೊಂಡು ಕಿಟಕಿಯಾಚೆ ನೋಡಿದ. ಅವನ ವ್ಯಾನಿನಲ್ಲಿ ಕಹೆಂತೆ ಹೆಲ್ಮೆಟ್ ಹಾಕಿಕೊಂಡೇ ಕುಳಿತಿದ್ದಳು.

"ಅಭ್ಯಾಸಕ್ಕಿನ್ನೂ ಹೊತ್ತಿದೆ," ಎಂದ. "ಹೊರಟಾಗಿಂದ ಅದನ್ನ ತೆಗೆದಿಲ್ಲ."

ಬಾಗಿಲ ಬಳಿ ವರ್ನಾ ಅವನ ತೋಳು ಹಿಡಿದರು.

"ಅವಳಿಗೆ ನೀನೇ ಹೇಳಪ್ಪ. ನನ್ನ ಕೈಲಿ ಆಗಲ್ಲ."

ಡೆಲ್ಬರ್ಟ್ ಭುಜದಿಂದ ಬಾಗಿಲು ತಳ್ಳಿ ವ್ಯಾನಿನ ಕಡೆ ನಡೆದ.